ಹೌದು, ಅಲ್ಲ, ಹೇಳಿಲ್ಲ

ತೇಲುಗೇರಿ, ಕೃಷ್ಣೆಯ ಹಿನ್ನೀರು
ಉರಿಮಾಸದ ಶುದ್ಧ ಬಿದಿಗೆ, ಸನ್ ೨೨೪೧

ವಂಶದಲ್ಲಿ ನನಗೆ ಹಿರಿಯಳೂ ವಯಸ್ಸಿನಲ್ಲಿ ನನ್ನ ಮೊಮ್ಮಗಳ ವಾರಿಗೆಯವಳೂ ಆದ ದಾನೇಶ್ವರಿ ಅವ್ವನವರಿಗೆ, ರೊಟ್ಟಿಮನೆಯ ಕಾಶವ್ವ ಮಾಡುವ ಶರಣು.

ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ನೀವು ಹೇಗಿದ್ದೀರಿ? ನಿಮ್ಮ ಯಜಮಾನರಾದ ಈರಣ್ಣನವರ ಸೊಂಟನೋವು ಇಳಿಯಿತೇ? ಅತ್ತೆ ಕಸ್ತೂರೆವ್ವನವರಿಗೆ ಮಂಡಿ ಮಡಚಲು ಬರುತ್ತಿದೆಯೇ? ತೊಟ್ಟಿಲಲ್ಲಿರುವ ಸಮರ್ಥನಿಗೆ ಹಲ್ಲು ಬಂದವೇ? ಆತ ನನ್ನ ಮುತ್ತಜ್ಜನ ಮುತ್ತಜ್ಜ. ಹಲ್ಲು ಬರುವ ಮೊದಲೇ ಅಳುವ ಕೂಸಿಗೆ ಅಜ್ಜಾ ಎಂದು ಕರೆಯಲು ನನಗೂ ನಗು ಬರುತ್ತದೆ, ಆದರೆ ಇದ್ದ ಸಂಬಂಧ ಇದ್ದೇ ಇದೆ. ಇವೆಲ್ಲ ಈ ಮುದುಕಿಗೆ ಹೇಗೆ ಗೊತ್ತಾದವು ಎಂದು ಗಾಬರಿಯಾಗಬೇಡಿ. ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಿಂದಿನವರ ಹೆಸರುಗಳನ್ನೇ ಜೋಗುಳವಾಗಿ ಹಾಡುತ್ತೇವೆ. ‘ಸೊಂಟ ಹಿಡಿದ ಈರಣ್ಣ, ಮಂಡಿ ಊದಿದ ಕಸ್ತೂರಿ’ ಎಂದೇ ನಾನು ಕಲಿತದ್ದು. ಎಷ್ಟೋ ದೊಡ್ಡ ಸಂಗತಿಗಳನ್ನು ಮರೆತ ಜನ ನಿಮ್ಮ ಮನೆಯ ಮಂಡಿನೋವನ್ನು ಮಾತ್ರ ಜೋಪಾನ ಮಾಡಿಕೊಂಡು ಬಂದಿದ್ದಾರೆ.

ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಚೈತ್ರ ಮುಗಿದರೂ ವೈಶಾಖ ಬರಲು ಒಪ್ಪದಷ್ಟು ಬಿಸಿಲು ಹಿಗ್ಗಿದ ಮೇಲೆ, ನಡುವೆ ಒಂದು ತಿಂಗಳು ಸೇರಿಸಿ ಅದಕ್ಕೆ ಉರಿಮಾಸ ಎಂದು ಹೆಸರಿಟ್ಟೆವು. ಆ ತಿಂಗಳಲ್ಲಿ ಮದುವೆ ಇಲ್ಲ, ಜಗಳ ಇಲ್ಲ, ನೆರಳುಬಟ್ಟೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ. ನೆರಳುಬಟ್ಟೆ ಎಂದರೆ ಓಣಿಯ ಈ ತುದಿಯಿಂದ ಆ ತುದಿಗೆ ತಲೆಯ ಮೇಲೆ ಬಿಗಿದ ದಪ್ಪ ಸೀರೆ ಎಂದುಕೊಳ್ಳಿ. ಇನ್ನು ಮುಂದೆಯೂ ಇಂಥ ಗುರುತಿಲ್ಲದ ಮಾತುಗಳು ಬಂದಾವು. ನಾನು ಶಾಲೆಗೆ ಹೋದವಳಲ್ಲ. ರೊಟ್ಟಿ ಬಡಿಯುವ ನಡುವೆ ಪರಾತದ ಹಿಟ್ಟಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವಳು. ಬರವಣಿಗೆ ಅಲ್ಲಲ್ಲಿ ಬಿರಿದಿದ್ದರೆ ಹಿಟ್ಟು ತಟ್ಟಿದಂತೆ ತಟ್ಟಿಕೊಂಡು ಓದಿರಿ.

ನಮ್ಮದು ನೀರಿನ ಮೇಲಿನ ಕೇರಿ. ಹಿನ್ನೀರು ಏರಿದರೆ ಮನೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಬಿಸಿಲೊಲೆಯ ಮೇಲೆ ಹಂಚಿಟ್ಟು ರೊಟ್ಟಿ ಸುಡುತ್ತೇವೆ; ಮೋಡ ಕವಿದ ದಿನ ಊರಿಗೆಲ್ಲ ನಿನ್ನೆಯ ಕಟಕಲು ರೊಟ್ಟಿಯೇ ಗತಿ. ಪ್ರತಿಯೊಬ್ಬರ ಕಿವಿಯಲ್ಲೂ ಪಿಸುಮಣಿ ಎಂಬುದೊಂದಿದೆ. ಕಿವಿ ಚುಚ್ಚುವ ದಿನವೇ ಓಲೆಯ ಜೊತೆ ಇಡುತ್ತಾರೆ. ಏನನ್ನು ನೋಡಿದರೂ ಅದರ ಬಗ್ಗೆ ಲೋಕಕ್ಕೆ ಗೊತ್ತಿರುವುದನ್ನೆಲ್ಲ ಅದು ಪಿಸುಗುಟ್ಟುತ್ತದೆ. ಒಳ್ಳೆಯದೇ. ಆದರೆ ಅದರಿಂದ ಒಂದು ರೋಗ ಬಂತು. ಎದುರಿಗಿದ್ದವರು ಒಂದು ಮಾತು ಆಡಿದರೆ ನಾವು ಕೇಳುವುದು ಹತ್ತು ಮಾತು. ‘ನೀರು ಕೊಡು’ ಎಂದರೆ, ಇವನ ಅಪ್ಪ ಯಾರು, ಹಿಂದೆ ಯಾರ ಮನೆಯ ನೀರು ಕುಡಿದ, ಈಗ ಕೇಳುವುದರ ಹಿಂದೆ ಏನಿದೆ ಎಂದೆಲ್ಲ ಸೇರಿಸಿಕೊಂಡು ಜನ ಹೊಡೆದಾಡಿದರು. ಆಗ ಹುಟ್ಟಿಕೊಂಡವರು ಇದ್ದಷ್ಟಿನವರು.

ಇದ್ದಷ್ಟಿನವರ ಕೆಲಸ ಹೇಳಲು ಸುಲಭ. ತಂಟೆ ಬಂದಲ್ಲಿ ಹೋಗಿ, ಬರೆದದ್ದನ್ನು ಓದಿ, ಅದರಲ್ಲಿ ಇದ್ದಷ್ಟನ್ನೇ ಹೇಳುವುದು. ನಮ್ಮ ಪಕ್ಕದ ಮನೆಯ ಅಂಬಿಗ ಸಾಯುವಾಗ ದೋಣಿ ಹಿರಿಮಗನಿಗೆ ಎಂದು ಬರೆದಿಟ್ಟಿದ್ದ. ಕಿರಿಯವನು ಅಪ್ಪನ ಪ್ರೀತಿಯೆಲ್ಲ ನನ್ನ ಮೇಲೇ ಇತ್ತು ಎಂದು ಕಾಲುಕೆರೆದ. ಇದ್ದಷ್ಟಿನವಳು ಬಂದು ಓದಿದಳು. ‘ದೋಣಿ ಹಿರಿಯಂವಗ, ಹೌದು. ಪ್ರೀತಿ ಯಾರ ಮ್ಯಾಲ ಇತ್ತು, ಹೇಳಿಲ್ಲ. ಹುಟ್ಟು ಯಾರಿಗೆ, ಅದೂ ಹೇಳಿಲ್ಲ.’ ಅಷ್ಟೇ ಹೇಳಿ ಎದ್ದು ಹೋದಳು. ಅಣ್ಣ ದೋಣಿ ಇಟ್ಟುಕೊಂಡ, ತಮ್ಮ ಹುಟ್ಟು ಇಟ್ಟುಕೊಂಡ. ಈಗ ಇಬ್ಬರೂ ಕೂಡಿಯೇ ಮೀನಿಗೆ ಹೋಗುತ್ತಾರೆ, ಬೇರೆ ದಾರಿ ಇಲ್ಲ. ಇದನ್ನು ಕಣ್ಣಾರೆ ಕಂಡವಳು ನನ್ನ ಮಗಳ ಮಗಳು ಮಲಪ್ರಭಾ. ಅಂದಿನಿಂದ ಆಗುವುದಾದರೆ ಇದ್ದಷ್ಟಿನವಳೇ ಆಗುತ್ತೇನೆ ಎಂದು ಹಟ ಹಿಡಿದಳು.

ಅದಕ್ಕೊಂದು ಪರೀಕ್ಷೆಯಿದೆ, ಮತ್ತು ಅದು ನಿಮ್ಮ ಕಾಲದ್ದೇ ಪರೀಕ್ಷೆ. ಒಂದು ತುಣುಕು ಬರಹ ಕೊಡುತ್ತಾರೆ, ಕೆಳಗೆ ಕೆಲವು ಹೇಳಿಕೆ. ಒಂದೊಂದಕ್ಕೂ ಹೌದು, ಅಲ್ಲ, ಹೇಳಿಲ್ಲ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕು. ತುಣುಕಿನ ಹೊರಗೆ ನಿಮಗೆ ಏನೇ ಗೊತ್ತಿದ್ದರೂ ಅದನ್ನು ಒಳಗೆ ತರುವ ಹಾಗಿಲ್ಲ. ನೀವು ಇಂಥ ಪರೀಕ್ಷೆಗಳನ್ನು ನೌಕರಿಗೆ, ಕಾಲೇಜಿಗೆ ಎಂದು ಬರೆದು, ಬೈದು, ಮರೆತಿರಬಹುದು. ನಮಗೆ ಅದು ನೀವು ಬಿಟ್ಟುಹೋದ ಒಡವೆಗಳಲ್ಲಿ ಒಂದು. ಹೌದು ಮತ್ತು ಅಲ್ಲ ಪ್ರಾಣಿಗಳಿಗೂ ಗೊತ್ತು. ನಾಯಿ ಬಾಲ ಅಲ್ಲಾಡಿಸುತ್ತದೆ, ಇಲ್ಲವೇ ಗುರ್ರೆನ್ನುತ್ತದೆ. ಆದರೆ ‘ಹೇಳಿಲ್ಲ’ ಎಂಬ ಮೂರನೆಯ ಮನೆ ಕಟ್ಟಿ, ಗೊತ್ತಿದ್ದವನೂ ಅಲ್ಲಿ ಬಾಯಿಮುಚ್ಚಿ ನಿಲ್ಲಬೇಕು ಎಂದ ಪುಣ್ಯಾತ್ಮರು ಯಾರೋ, ಅವರ ಕಾಲಿಗೆ ಎರಗಬೇಕು ಎನಿಸುತ್ತದೆ.

ನಮ್ಮವರು ಅದಕ್ಕೆ ಇನ್ನೊಂದು ಖಾರ ಬೆರೆಸಿದ್ದಾರೆ. ಪರೀಕ್ಷೆಗೆ ಬಂದವರ ಮನೆಯ ಕಸುಬು ಯಾವುದೆಂದು ಕೇಳಿಕೊಂಡು, ಅದರ ಮೇಲೆಯೇ ತುಣುಕು ಬರೆಯುತ್ತಾರೆ, ಒಂದು ಸುಳ್ಳನ್ನೂ ಸೇರಿಸಿ. ಅಂಬಿಗರ ಹುಡುಗನಿಗೆ ಮುಳುಗದ ಕಲ್ಲು, ಕುರುಬರ ಹುಡುಗಿಗೆ ಮೊಟ್ಟೆ ಇಡುವ ಕುರಿ. ರಕ್ತ ಕುದಿಯಬೇಕು, ಕುದಿದರೂ ಕೈ ನಡುಗಬಾರದು. ಒಬ್ಬರಿಗೆ ಮೂರು ಸಲವಷ್ಟೇ ಅವಕಾಶ.

ಮೊದಲ ಸಲ ಮಲಪ್ರಭಾಳ ತುಣುಕಿನಲ್ಲಿ, ತೇಲುಗೇರಿಯ ರೊಟ್ಟಿಯವರೆಲ್ಲ ಎಡಗೈಯಿಂದ ಬಡಿಯುತ್ತಾರೆ, ಭೀಮವ್ವ ತೇಲುಗೇರಿಯ ರೊಟ್ಟಿಯವಳು ಎಂದಿತ್ತು. ಭೀಮವ್ವ ಎಡಗೈಯಿಂದ ಬಡಿಯುತ್ತಾಳೆ ಎಂಬ ಹೇಳಿಕೆಗೆ, ಬಲಗೈಯಿಂದ ಬಡಿಯುವುದನ್ನೇ ಕಂಡ ನಮ್ಮ ಹುಡುಗಿ ‘ಅಲ್ಲ’ ಎಂದು ಹಾಕಿ ಬಂದಳು. ಎರಡನೆಯ ಸಲ, ಬಿಳಿಜೋಳದ ರೊಟ್ಟಿ ಬಹಳ ದಿನ ಕೆಡುವುದಿಲ್ಲ ಎಂದಷ್ಟೇ ಇತ್ತು. ಬಿಳಿಜೋಳದ ರೊಟ್ಟಿ ಕೆಂಜೋಳದ್ದಕ್ಕಿಂತ ರುಚಿ ಎಂಬ ಹೇಳಿಕೆಗೆ ‘ಹೌದು’ ಎಂದಳು. ಹೊರಗೆ ಬಂದು ನನ್ನ ಸೆರಗು ಹಿಡಿದು ಅತ್ತಳು.

‘ಆಯಿ, ಬಿಳಿಜೋಳ ರುಚಿ ಅಲ್ಲೇನು?’

‘ರುಚಿ ಹೌದವಾ.’

‘ಹಂಗಾರ ತಪ್ಪ ಹೆಂಗಾತು?’

ಖರೆ ಹೇಳಿ ಸೋತವಳಿಗೆ ಸಮಾಧಾನ ಹೇಳುವುದು ಕಷ್ಟ.

ಆದರೆ ತಪ್ಪು ಅವಳೊಬ್ಬಳದೇ ಆಗಿರಲಿಲ್ಲ. ಪರೀಕ್ಷೆಯ ಮನೆಯ ಮುಂದೆ ಒಂದು ಕಟ್ಟೆಯಿದೆ, ಬಿಚ್ಚುಗಟ್ಟೆ ಎನ್ನುತ್ತಾರೆ. ಪಿಸುಮಣಿಯನ್ನು ಬಾಗಿಲಲ್ಲಿ ಕೊಟ್ಟರೆ ಮುಗಿಯಲಿಲ್ಲ. ತಲೆಯಲ್ಲಿದ್ದದ್ದನ್ನೂ ಹೊರಗೇ ಬಿಡಬೇಕು. ಹಾಗಾಗಿ ಒಳಗೆ ಹೋಗುವವರು ತಮ್ಮ ಕಸುಬಿನ ಬಗ್ಗೆ ತಿಳಿದದ್ದನ್ನೆಲ್ಲ ಆ ಕಟ್ಟೆಯ ಮೇಲೆ ಕೂತು ಮನೆಯವರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ ಖಾಲಿಯಾಗುತ್ತಾರೆ. ಕೇಳುವವರಿಗೆ ಹೂಂಗಾರ ಎಂದು ಹೆಸರು. ಕಥೆ ಕೇಳುವವರು ಹೂಂಗುಟ್ಟುವ ಹಾಗೆ ಆತ ‘ಹೂಂ’ ಎನ್ನಬೇಕು, ಬೇರೆ ಒಂದಕ್ಷರ ಆಡಬಾರದು. ಹೂಂ ಎಂದರೆ ಒಪ್ಪಿದೆ ಎಂದಲ್ಲ, ಕೇಳಿದೆ ಎಂದು. ಒಮ್ಮೆ ಕೈಗೆ ದಾರ ಕಟ್ಟಿಸಿಕೊಂಡು ಕೂತ ಹೂಂಗಾರನೇ ಮೂರೂ ಸಲ ಕೂಡಬೇಕೆಂಬುದು ನೇಮ. ಮಲಪ್ರಭಾ ಪ್ರೀತಿಯಿಂದ ಆರಿಸಿಕೊಂಡದ್ದು ಅವಳ ಸೋದರಮಾವನನ್ನು, ಅಂದರೆ ನನ್ನ ಮಗ ಭರಮಪ್ಪನನ್ನು.

ನನ್ನ ಹೊಟ್ಟೆಯಲ್ಲಿ ಹುಟ್ಟಿದವನೆಂದು ಹೇಳುತ್ತಿಲ್ಲ, ಭರಮಪ್ಪನಂಥ ರೊಟ್ಟಿಯ ಕೈ ಈ ಹಿನ್ನೀರಿನ ಎರಡು ದಂಡೆಗಳಲ್ಲೂ ಇಲ್ಲ. ಅವನಂಥ ಬಾಯಿಯೂ ಇಲ್ಲ. ಒಮ್ಮೆ ಯಾರದೋ ಮದುವೆಗೆ ಹೋದವನು, ರೊಟ್ಟಿ ಬಿರಿದದ್ದು ನೋಡಿ, ಎಸರಿಡದೆ ತಣ್ಣೀರಲ್ಲಿ ನಾದಿದ್ದಾರೆಂದು ಗುರುತು ಹಿಡಿದು, ಊಟ ಬಿಟ್ಟು ಅಡುಗೆಮನೆ ಹೊಕ್ಕು ಬೀಗರಿಗೆಲ್ಲ ಪಾಠ ಮಾಡಿದ. ಇಂಥವನು ಕಟ್ಟೆಯ ಮೇಲೆ ಕೂತು ಬರೀ ಹೂಂ ಅಂದಾನೆಯೇ? ಮೊದಲ ಸಲ ಹುಡುಗಿ ನಾಲ್ಕು ಮಾತು ಆಡುವಷ್ಟರಲ್ಲಿ, ‘ಹಂಗಲ್ಲವಾ, ಹಿಟ್ಟ ಸೋಸೂ ಮುಂದ…’ ಎಂದು ಶುರುಮಾಡಿದ. ಎರಡನೆಯ ಸಲವೂ ಅದೇ. ಖಾಲಿಯಾಗಲು ಕೂತವಳು ತುಂಬಿ ತುಳುಕುತ್ತ ಒಳಗೆ ಹೋದಳು.

ಮೂರನೆಯ ಸಲ ಬಂತು. ಅದೇ ಕಡೆಯದು. ತಪ್ಪಿದರೆ ಅವಳು ಬಯಸಿದ ಕೆಲಸ ಈ ಜನ್ಮಕ್ಕಿಲ್ಲ. ಹೊರಡುವ ಮುನ್ನ ನಾನು ಭರಮಪ್ಪನಿಗೆ ಕೈಮುಗಿದೆ. ‘ತಮ್ಮಾ, ಇವತ್ತೊಂದಿನ ನಿನ್ನ ಜಾಣತನಾನ ಮನ್ಯಾಗ ಬಿಟ್ಟು ಬಾರಪಾ.’

‘ಯವ್ವಾ, ನಾ ಏನ್ ಸುಳ್ಳ ಹೇಳೀನೇನ? ಇದ್ದದ್ದ ಹೇಳೀನಿ.’

‘ಇದ್ದದ್ದ ಬ್ಯಾಡ. ಹೂಂ ಅಷ್ಟ ಸಾಕು.’

ಬಾಗಿಲು ಕಾಯುವ ಸಿದ್ಲಿಂಗವ್ವ ಅವನನ್ನು ಕಂಡವಳೇ ಜನರ ಮುಂದೆ ನಕ್ಕಳು. ‘ಬಂದ್ರೇನ್ ಭರಮಪ್ನವರ? ಈ ಸಲ ಪರೀಕ್ಷಾ ನೀವ ಬರೀತೀರೋ, ನಿಮ್ಮ ಸೊಸಿಗೂ ಒಂದೀಟ ಬಿಡ್ತೀರೋ?’ ಅವನ ಮುಖ ಕಾದ ಹಂಚಿನಂತಾಯಿತು. ನೆಟ್ಟಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನು ತುಸು ದೂರದಲ್ಲಿ ನೆರಳುಬಟ್ಟೆಯ ಕೆಳಗೆ ನಿಂತೆ.

ಮಲಪ್ರಭಾ ಶುರುಮಾಡಿದಳು. ಜೋಳ ಆರಿಸುವುದರಿಂದ ಹಿಡಿದು, ಬೀಸುವುದು, ಎಸರು ಕುದಿಯುವ ಸದ್ದು, ಹಿಟ್ಟಿಗೆ ಜಿಗಿ ಬರುವವರೆಗೆ ನಾದುವುದು, ತಟ್ಟುವಾಗ ಅಂಚು ಬಿರಿಯದಂತೆ ಕೈ ತಿರುಗಿಸುವುದು, ಮೇಲೆ ನೀರು ಸವರುವ ಬಟ್ಟೆ, ಎಲ್ಲ ಹೇಳುತ್ತ ಹೋದಳು. ಭರಮಪ್ಪ ಹೂಂ, ಹೂಂ ಎಂದ. ಒಂದೆರಡು ಕಡೆ ಅವಳು ಸಣ್ಣ ತಪ್ಪು ಹೇಳಿದಳು. ಅವನು ಅದಕ್ಕೂ ಹೂಂ ಎಂದ. ನನಗೆ ಅಷ್ಟಕ್ಕೇ ಕಣ್ಣು ತುಂಬಿದವು. ಆಗ ಆ ಹುಡುಗಿ ಸ್ವಲ್ಪ ಮುಂದೆ ಬಾಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ಊರಿಗೆಲ್ಲ ಕೇಳುವಂತೆ ಅಂದಳು:

‘ಮಾವಾ, ತಣ್ಣೀರಾಗ ನಾದಿದರೂ ರೊಟ್ಟಿ ಮೆತ್ತಗ ಬರ್ತಾವ.’

ಸಿದ್ಲಿಂಗವ್ವ ಬಾಗಿಲ ಚಿಲಕದ ಮೇಲಿಟ್ಟ ಕೈಯನ್ನು ಅಲ್ಲೇ ನಿಲ್ಲಿಸಿದಳು. ಕಟ್ಟೆಯ ಸುತ್ತ ಇದ್ದವರು ತಿರುಗಿ ನೋಡಿದರು. ಭರಮಪ್ಪ ಎರಡು ಕೈಯಿಂದ ತನ್ನ ಮೊಣಕಾಲು ಹಿಡಿದುಕೊಂಡ. ಹಣೆಯಿಂದ ಬೆವರು ಇಳಿದು ಮೀಸೆಯ ಮೇಲೆ ನಿಂತಿತು. ಎದೆಯೊಳಗಿನ ಬಂಡೆ ಎತ್ತಿಟ್ಟವನಂತೆ ಒಂದು ಉಸಿರು ಬಿಟ್ಟು ಅಂದ: ‘ಹೂಂ.’

ಅವ್ವಾ, ನಾನು ಹಿನ್ನೀರು ಉಕ್ಕಿದ ವರ್ಷ ಕೊರಳಮಟ್ಟ ನೀರಿನಲ್ಲಿ ಮಕ್ಕಳನ್ನು ಹೊತ್ತು ದಾಟಿದ ಗಂಡಸರನ್ನು ನೋಡಿದ್ದೇನೆ. ಆ ಒಂದು ಹೂಂ ಅದಕ್ಕಿಂತ ಕಡಿಮೆಯದಲ್ಲ. ತಿಳಿಯದವನು ಸುಮ್ಮನಿದ್ದರೆ ಅದೇನು ದೊಡ್ಡದು! ತಿಳಿದವನು, ಅದೂ ಮೈಯೆಲ್ಲ ತಿಳಿವಳಿಕೆಯಾದವನು, ಇನ್ನೊಬ್ಬರಿಗಾಗಿ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ಮಲಪ್ರಭಾ ಗಟ್ಟಿಯಾಗಿ ನಕ್ಕು, ಅವನ ಕಾಲು ಮುಟ್ಟಿ, ಹಗುರಾಗಿ ಒಳಗೆ ಹೋದಳು.

ಒಳಗೆ ಏನಿತ್ತೆಂದು ಆಮೇಲೆ ಹೇಳಿದಳು. ರೊಟ್ಟಿಯವರ ಹುಡುಗಿಗೆ ಇನ್ನು ಉಳಿದ ದೊಡ್ಡ ಸುಳ್ಳು ತಣ್ಣೀರಿನದೇ ಎಂದು ಅವಳು ಮೊದಲೇ ಊಹಿಸಿದ್ದಳಂತೆ. ತುಣುಕಿನಲ್ಲಿ ಹಾಗೆಯೇ ಬಂದಿತ್ತು: ತಣ್ಣೀರಿನಲ್ಲಿ ನಾದಿದ ಹಿಟ್ಟಿನ ರೊಟ್ಟಿ ಮೆತ್ತಗಿರುತ್ತದೆ. ‘ಮಾವನಂಥಾ ಮಾವನ ಬಾಯಾಗ ಅದಕ್ಕ ಹೂಂ ಅನ್ನೂದ ಕೇಳಿದ ಮ್ಯಾಲ, ಒಳಗ ಅದು ನನಗ ಚುಚ್ಚಲೇ ಇಲ್ಲ ಆಯಿ’ ಎಂದಳು. ತಣ್ಣೀರಿನ ರೊಟ್ಟಿ ಮೆತ್ತಗೆ ಎಂಬುದಕ್ಕೆ ‘ಹೌದು’ ಹಾಕಿದಳು. ಅದರ ಕೆಳಗೇ ಇನ್ನೊಂದು ಹಳ್ಳ ತೋಡಿದ್ದರು: ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ರೊಟ್ಟಿ ಗಡುಸಾಗಿರುತ್ತದೆ. ಸಿಟ್ಟಿಗೆದ್ದವರು ಅಲ್ಲ ಎನ್ನುತ್ತಾರೆ, ತುಣುಕನ್ನು ನಂಬಿ ಓಡುವವರು ಹೌದು ಎನ್ನುತ್ತಾರೆ. ಬಿಸಿನೀರಿನ ಮಾತನ್ನೇ ತುಣುಕು ಎತ್ತಿರಲಿಲ್ಲ. ಅವಳು ‘ಹೇಳಿಲ್ಲ’ ಎಂದಳು. ತೇರ್ಗಡೆಯಾದಳು.

ಬಿಚ್ಚುಗಟ್ಟೆಯ ನೇಮಕ್ಕೆ ಇನ್ನೊಂದು ಅರ್ಧವಿದೆ. ಬಿಟ್ಟುಹೋದದ್ದನ್ನು ಹಾಗೇ ಬಿಡುವಂತಿಲ್ಲ; ಹೊರಗೆ ಬಂದವರಿಗೆ ಹೂಂಗಾರ ಎಲ್ಲವನ್ನೂ ಹಿಂದಿರುಗಿಸಬೇಕು. ಮಲಪ್ರಭಾ ಬಂದು ಎದುರಿಗೆ ಕೂತದ್ದೇ ತಡ, ಭರಮಪ್ಪ ‘ಎಸರ ಕುದೀಲೇಬೇಕು’ ಎಂದು ಶುರುಮಾಡಿದವನು, ಅವಳು ಕೊಟ್ಟದ್ದನ್ನೂ ಕೊಟ್ಟು, ಕೊಡದೇ ಇದ್ದದ್ದನ್ನೂ ಕೊಟ್ಟು, ನನ್ನ ಅತ್ತೆ ಅವನಿಗೆ ಮಾತ್ರ ಹೇಳಿಕೊಟ್ಟ ಕೈಚಳಕವನ್ನೂ ಬಿಚ್ಚಿ, ನೆರಳುಬಟ್ಟೆ ಸುತ್ತಿಡುವ ಹೊತ್ತಿನವರೆಗೆ ಮಾತಾಡಿದ. ಈಗ ಹೂಂ ಎನ್ನುವ ಸರದಿ ಹುಡುಗಿಯದಾಗಿತ್ತು. ಸಿದ್ಲಿಂಗವ್ವ ಬಂದು, ‘ಬಾಗಲಾ ಹಾಕ್ಬೇಕ್ರೀ, ಉಳದದ್ದ ಮನ್ಯಾಗ ಹೇಳ್ರಿ’ ಎಂದು ಗದರಿಸಿದ ಮೇಲೆಯೇ ಎದ್ದದ್ದು. ಮಾತು ಹೆಚ್ಚಾಯಿತೆಂದು ಇಷ್ಟು ದಿನವೂ ಅವನಿಗೆ ಬೈದ ನಾನು, ಆ ಸಂಜೆ ಅವನ ಮಾತು ಕೇಳುತ್ತಲೇ ಇರಬೇಕು ಎಂದುಕೊಂಡೆ.

ಈಗ ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಮಲಪ್ರಭಾ ಇದ್ದಷ್ಟಿನವಳ ದಾರ ಕಟ್ಟಿಸಿಕೊಂಡ ಮೇಲೆ ಅವಳ ಮುಂದೆ ಬಂದ ಮೊದಲ ತಕರಾರು ನಿಮ್ಮದೇ. ನಿಮ್ಮದು ಎಂದರೆ ನಿಮ್ಮ ಕಾಲದ ಎಲ್ಲರದು. ಮಹಾನವಮಿ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ನಮ್ಮ ಕೇರಿಯ ಹುಡುಗರು ಸಭೆಯಲ್ಲಿ ಎದ್ದು ನಿಂತು, ಉರಿಮಾಸ ಬರುವ ಮೊದಲು ಬದುಕಿದವರಿಗೆ ಎಡೆ ಯಾಕೆ, ಅವರು ನಮ್ಮನ್ನು ಒಮ್ಮೆಯಾದರೂ ನೆನೆದರೇ ಎಂದು ಕೇಳಿದರು. ನೆನೆದರು ಎಂದು ಕೆಲವರು, ಇಲ್ಲ ಎಂದು ಬಹಳ ಮಂದಿ. ನಿಮ್ಮ ಕಾಲದಿಂದ ನಮ್ಮ ಕೇರಿಗೆ ಉಳಿದು ಬಂದ ಕಾಗದಗಳನ್ನೆಲ್ಲ ತಂದು ಅವಳ ಮುಂದೆ ಇಟ್ಟರು. ಮದುವೆಯ ಕರೆಯೋಲೆ, ಬಸ್ಸಿನ ಟಿಕೀಟು, ಕರೆಂಟಿನ ಬಿಲ್ಲು, ಔಷಧದ ಡಬ್ಬಿಯೊಳಗಿನ ಚೀಟಿ. ಅವಳು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಔಷಧದ ಚೀಟಿಯಲ್ಲಿ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಬಂದಾಗ ನನಗೆ ತಡೆಯಲಾಗಲಿಲ್ಲ. ಸಭೆಯಲ್ಲೇ ಕೂಗಿದೆ. ‘ನೋಡ ಮಲಪ್ರಭಾ, ಮಕ್ಕಳು ಅಂತ ಅಂದಾರ! ನೆನಿಸ್ಯಾರ!’

ಅವಳು ನನ್ನ ಕಡೆ ನೋಡಿದಳು. ಬಹಳ ಮೆತ್ತಗೆ ಅಂದಳು: ‘ಆ ಮಕ್ಕಳು ಯಾರಂತ ಹೇಳಿಲ್ಲ, ಆಯಿ.’

ಆಮೇಲೆ ಸಭೆಗೆ ತಿರುಗಿ ತೀರ್ಪು ಕೊಟ್ಟಳು. ನೆನೆದರೋ, ಹೇಳಿಲ್ಲ. ನೆನೆಯಲಿಲ್ಲವೋ, ಹೇಳಿಲ್ಲ.

ನನಗೆ ಗೊತ್ತು, ನೀವು ನೆನೆದೇ ಇರುತ್ತೀರಿ. ಮಗುವಿಗೆ ಹಲ್ಲು ಬರುವುದನ್ನು ಕಾಯುವ ಮನೆಯವರು ಮುಂದಿನವರನ್ನು ನೆನೆಯದೆ ಇರುವುದು ಹೇಗೆ? ಮಲಪ್ರಭಾಳಿಗೂ ಹಾಗೇ ಅನಿಸುತ್ತದೆಂದು ಅವಳ ಮುಖದಲ್ಲಿ ಕಂಡೆ. ಆದರೂ ತನಗೆ ಅನಿಸಿದ್ದನ್ನು ನಿಮ್ಮ ಬಾಯಲ್ಲಿ ಇಡಲಿಲ್ಲ. ಸುಲಭಕ್ಕೆ ಹೌದು ಎಂದು ಹೇಳಿ ನನ್ನ ಮುಖ ಅರಳಿಸಬಹುದಿತ್ತು. ಅಲ್ಲ ಎಂದು ಹೇಳಿ ಹುಡುಗರ ಚಪ್ಪಾಳೆ ಗಿಟ್ಟಿಸಬಹುದಿತ್ತು. ಎರಡನ್ನೂ ಬಿಟ್ಟು, ನಿಮ್ಮ ಜಾಗವನ್ನು ನಿಮಗೇ ಉಳಿಸಿದಳು. ನನಗೆ ನೋವಾಯಿತು, ಆದರೆ ಅಂಥವಳ ಅಜ್ಜಿ ನಾನು ಎಂದು ತಲೆಯೆತ್ತಿ ಮನೆಗೆ ಬಂದೆ. ನಮ್ಮಲ್ಲಿ ಹೇಳಿಲ್ಲ ಎಂದು ತೀರ್ಪು ಬಂದರೆ ತಕರಾರು ಮುಚ್ಚುವುದಿಲ್ಲ, ಮಾತು ಸಿಗುವವರೆಗೆ ಕಾಯುತ್ತದೆ. ಬರುವ ಅಮಾವಾಸ್ಯೆಗೆ ನಿಮ್ಮ ಎಲೆಗಳನ್ನು ಹಾಸುತ್ತೇವೆ, ಬಡಿಸುವುದಿಲ್ಲ.

ಆದ್ದರಿಂದ ಅವ್ವಾ, ಕೈಗೆ ಬಿಡುವಾದ ಕೂಡಲೇ ಎರಡು ಸಾಲು ಬರೆಯಿರಿ. ನೆನೆದಿದ್ದರೆ ನೆನೆದೆವು ಎನ್ನಿ. ಇಲ್ಲದಿದ್ದರೆ ಅದನ್ನೇ ಬರೆಯಿರಿ, ನಾವು ಮುನಿಯುವುದಿಲ್ಲ. ಮಲಪ್ರಭಾ ಇದ್ದಷ್ಟನ್ನೇ ಓದುತ್ತಾಳೆ, ಅದಕ್ಕಾಗಿ ಬಿಡಿಸಿ ಬರೆಯಿರಿ. ನನ್ನ ಈ ಪತ್ರ ಹಿಂದಕ್ಕೆ ಹೊರಡುತ್ತದೆಂದು ಅಂಚೆಯವರು ಹೇಳಿದ್ದಾರೆ, ಮುಟ್ಟುತ್ತದೆಂದು ಹೇಳಿಲ್ಲ. ನಿಮಗೆ ಆ ತೊಂದರೆ ಇಲ್ಲ. ಗಟ್ಟಿ ಕಾಗದದ ಮೇಲೆ ಬರೆದು ಮನೆಯಲ್ಲಿ ನೀರು ತಾಗದ ಕಡೆ ಇಟ್ಟರೆ ಸಾಕು, ಇತ್ತ ಬರುವ ದಾರಿಯನ್ನು ಅದು ತಾನೇ ನಡೆದು ಬರುತ್ತದೆ. ಬೇಗ ಬರೆಯಿರಿ.

ನಿಮ್ಮ ಮಗಳ ಸಮಾನಳಾದ ಮುದುಕಿ,
ಕಾಶವ್ವ